ಹನ್ನೆರಡನೆಯ ಅನ್ನದ ಬುಟ್ಟಿ

ಬುಟ್ಟಿ ಹೆಣೆಯಲು ನಾನು ಮೊದಲು ಕುಳಿತದ್ದು ಒಂದು ಭಾನುವಾರವೆಂದು ಬಹಳ ದಿನ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಇದನ್ನು ಬರೆಯುವ ಮುನ್ನ ದಿನಚರಿ ತೆಗೆದು ನೋಡಿದರೆ ಅದು ಸೋಮವಾರ. ಭಾನುವಾರ ನಾನು ಅಲ್ಲಿಗೆ ಹೋದದ್ದು ನಿಜ. ಆದರೆ ಅಂದು ಮಾಡಿದ್ದು ಪ್ರಶ್ನೆ ಕೇಳುವ ಕೆಲಸವನ್ನಷ್ಟೇ. ಬಿದಿರಿನ ಸೀಳು ಕೈಗೆ ಬಂದದ್ದು ಮರುದಿನ. ಇಷ್ಟು ಸಣ್ಣ ಸಂಗತಿಯಲ್ಲೂ ನೆನಪು ಒಂದು ದಿನ ಹಿಂದೆ ಸರಿದಿತ್ತು ಎಂಬುದನ್ನು ಓದುಗರು ಗಮನದಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಅದಕ್ಕಿಂತ ದೊಡ್ಡದೊಂದು ತಪ್ಪು ಬರಲಿದೆ.

ಹಳೆಯ ಕಾಗದಪತ್ರಗಳ ಕಾಲ ಯಾವುದೆಂದು ಗೊತ್ತುಮಾಡುವುದು ನನ್ನ ವೃತ್ತಿಯಾಗಿತ್ತು. ನಿವೃತ್ತಿಯ ಬಳಿಕ ಕೊಪ್ಪದಲ್ಲಿ ಸಣ್ಣದೊಂದು ಬಾಡಿಗೆ ಮನೆ ಹಿಡಿದೆ. ಊರಿನಿಂದ ನರಸಿಂಹರಾಜಪುರದ ಕಡೆಗೆ ಹೊರಟರೆ ಅಂಗಡಿಗಳ ಸಾಲು ಮುಗಿಯುವಲ್ಲಿ ತಗಡಿನ ಮಾಡಿನ ಒಂದು ಚಪ್ಪರ ಸಿಗುತ್ತದೆ. ಅದರ ಕೆಳಗೆ ಗಂಡ ಹೆಂಡತಿ ಇಬ್ಬರು ದಿನವಿಡೀ ಬುಟ್ಟಿ ಹೆಣೆಯುತ್ತಿದ್ದರು. ಗಂಡನದು ಬಿದಿರು ಸೀಳುವ ಕೆಲಸ, ಹೆಂಡತಿಯದು ಹೆಣೆಯುವ ಕೆಲಸ. ಮಾತಿನ ಹಂಚಿಕೆಯೂ ಹಾಗೆಯೇ ಇತ್ತು: ಮಾತೆಲ್ಲ ಆಕೆಯದು, ಆತ ಹೂಂಗುಟ್ಟುತ್ತಿದ್ದ.

ಆ ಭಾನುವಾರ ನಾನು ಕೇಳಲು ಹೋದದ್ದು ಅವರ ಮನೆತನ ಕೊಪ್ಪಕ್ಕೆ ಬಂದು ನೆಲೆಸಿದ್ದು ಯಾವಾಗ ಎಂದು.

"ಯಾವಾಗ ಅಂದ್ರೆ?" ಎಂದರು ಆಕೆ, ಕೈ ನಿಲ್ಲಿಸದೆ. "ನಮ್ಮತ್ತೆ ಮದ್ವೆ ಆಗಿ ಬರೋಕೆ ಮುಂಚೇನೇ."

"ನಿಮ್ಮತ್ತೆಯ ಮದುವೆ ಯಾವಾಗ?"

"ಇವ್ರು ಹುಟ್ಟೋಕೆ ಮುಂಚೆ."

"ಇವರು ಹುಟ್ಟಿದ್ದು?"

"ಅದು ಇವ್ರಿಗೇ ಗೊತ್ತಿಲ್ಲ, ನಂಗೆ ಹೆಂಗೆ ಗೊತ್ತಿರ್ತದೆ ಮಾರಾಯ್ರೆ!"

ಗಂಡ ಸೀಳುತ್ತಿದ್ದ ಬಿದಿರಿನಿಂದ ತಲೆ ಎತ್ತದೆ ಹೂಂ ಎಂದ. ನಾನು ಮತ್ತೂ ಎರಡು ಪ್ರಶ್ನೆ ಕೇಳಿದೆ. ಆಕೆ ಹೇಳಿದರು: "ಅಮ್ಮಾ, ಕೇಳೋದಾದ್ರೆ ನಾಳೆ ಬಂದು ಕೂತ್ಕೊಂಡು ಕೇಳಿ. ಕೇಳೋದು ಬಾಯಿ ಅಲ್ದಾ? ಕೈ ಎಂತಕ್ಕೆ ಸುಮ್ನೆ ಇರ್ಬೇಕು?"

ಹೀಗೆ ಸೋಮವಾರ ನನ್ನ ಕೈಗೆ ಸೀಳು ಬಂತು. ಆಕೆ ನನ್ನನ್ನು ಅಮ್ಮ ಎನ್ನುತ್ತಿದ್ದರು, ನಾನೂ ಆಕೆಯನ್ನು ಅಮ್ಮ ಎಂದೇ ಕರೆದೆ. ನಮ್ಮಿಬ್ಬರಲ್ಲಿ ಯಾರು ಹಿರಿಯರು ಎಂಬುದು ದಾಖಲೆಗಳ ಅಭಾವದಿಂದ ಇಂದಿಗೂ ತೀರ್ಮಾನವಾಗಿಲ್ಲ. ವಿದ್ಯೆಯ ವಿಷಯದಲ್ಲಿ ಮಾತ್ರ ಸಂದೇಹವಿರಲಿಲ್ಲವಾದ್ದರಿಂದ ಇಲ್ಲಿ ಆಕೆಯನ್ನು ಗುರುಗಳೆಂದೇ ಕರೆಯುತ್ತೇನೆ.

ಬಿದಿರಿನ ಸೀಳಿಗೆ ಎರಡು ಮೈ. ಹಸಿರು ಸಿಪ್ಪೆಯಿರುವ ಮೈ ನುಣುಪು, ಗಟ್ಟಿ. ಅದು ಬುಟ್ಟಿಯ ಹೊರಗೆ ಬರಬೇಕು. ಒಳಗಿನ ಬಿಳಿಯ ಮೈ ಮೆತ್ತಗೆ, ಅದು ಒಳಕ್ಕೆ. ಇದನ್ನು ಕಲಿಯಲು ನನಗೆ ಎರಡು ದಿನ ಹಿಡಿಯಿತು. ಎರಡು ಕೈಗಳ ಬೆರಳುಗಳಲ್ಲಿ ಒಟ್ಟು ಏಳು ಕಡೆ ಗಾಯವಾಯಿತು. ಮೂರನೆಯ ದಿನ ತಳ ಹಾಕುವ ಪಾಠ. ಎಂಟು ಸೀಳು ಉದ್ದಕ್ಕೆ, ಎಂಟು ಅಡ್ಡಕ್ಕೆ ಇಟ್ಟು, ಚಾಪೆ ಹೆಣೆದಂತೆ ನಡುವೆ ಹೆಣೆದು, ಹೊರಗೆ ಉಳಿದ ತುದಿಗಳನ್ನು ಮೇಲಕ್ಕೆ ಬಾಗಿಸಿ ನಿಲ್ಲಿಸಬೇಕು. ಆಮೇಲೆ ತೆಳ್ಳಗಿನ ಎಳೆಯೊಂದನ್ನು ಆ ನಿಂತ ಸೀಳುಗಳ ಒಳಗೆ, ಹೊರಗೆ, ಒಳಗೆ, ಹೊರಗೆ ಎಂದು ಸುತ್ತುತ್ತ ಹೋಗಬೇಕು. ನಾನು ಸುತ್ತಿದೆ. ಒಂದು ಸುತ್ತು ಮುಗಿದು ಎರಡನೆಯದು ಬಂದಾಗ ಎಳೆ ಮೊದಲಿನ ಸುತ್ತಿನಲ್ಲಿ ಎಲ್ಲಿ ಒಳಗೆ ಹೋಗಿತ್ತೋ ಅಲ್ಲೇ ಮತ್ತೆ ಒಳಗೆ ಹೋಯಿತು. ಮೂರನೆಯದೂ ಹಾಗೆಯೇ. ಏನೂ ಹೆಣೆದುಕೊಳ್ಳಲಿಲ್ಲ, ಎಲ್ಲವೂ ಜಾರಿ ಕೆಳಗೆ ಬಂತು.

"ನಿಂತಿದ್ದು ಎಷ್ಟು ಉಂಟು, ಎಣಿಸಿ" ಎಂದರು ಗುರುಗಳು.

"ಮೂವತ್ತೆರಡು."

"ಒಂದನ್ನ ಬುಡದ ತನ್ಕ ಸೀಳಿ, ಮೂವತ್ಮೂರು ಮಾಡಿ."

"ಯಾಕೆ?"

"ಜೋಡಿ ಲೆಕ್ಕ ಇದ್ರೆ ಎಳೆ ಹೋದ ದಾರೀಲೇ ಮತ್ತೆ ಹೋಗ್ತದೆ. ಅದರ ದಾರಿ ತಪ್ಸೋಕೆ ಒಂಟಿ ಒಂದು ಬೇಕು."

ಬೆಸಸಂಖ್ಯೆಯ ಈ ನಿಯಮವನ್ನು ನಾನು ಅಂದೇ ಟಿಪ್ಪಣಿ ಮಾಡಿಕೊಂಡೆ. ಗಂಡ ಅದನ್ನು ನೋಡಿ ಮೊದಲ ಬಾರಿಗೆ ಒಂದು ಪೂರ್ತಿ ವಾಕ್ಯ ಆಡಿದ: "ಬರ್ಕೊಂಡ್ರೆ ಬುಟ್ಟಿ ಆಗಲ್ಲ ಅಮ್ಮ."

ಸುಮಾರು ಒಂದು ವರ್ಷದ ಅವಧಿಯಲ್ಲಿ ನಾನು ಐದು ಬುಟ್ಟಿಗಳನ್ನು ಹೆಣೆದೆ. ಮೊದಲನೆಯದು ಎಲ್ಲಿಟ್ಟರೂ ಒಂದು ಬದಿಗೆ ವಾಲುತ್ತಿತ್ತು. ಎರಡನೆಯದರ ಬಾಯಿ ಮೊಟ್ಟೆಯ ಆಕಾರದ್ದು. ಮೂರನೆಯದನ್ನು ನೋಡಿ ಗುರುಗಳು, "ಇದು ಕೂರ್ತದೆ. ಬೇಜಾರಲ್ಲಿ ಕೂರ್ತದೆ, ಆದ್ರೂ ಕೂರ್ತದೆ" ಎಂದರು. ಐದನೆಯದರಲ್ಲಿ ಆಕೆ ಮಾತಿಲ್ಲದೆ ತಮ್ಮ ಮನೆಯ ತೆಂಗಿನಕಾಯಿ ತುಂಬಿದರು. ವೃತ್ತಿಜೀವನದಲ್ಲಿ ನನಗೆ ಹಲವು ಪ್ರಶಂಸಾಪತ್ರಗಳು ಬಂದಿದ್ದವು. ಒಂದೂ ಇಷ್ಟು ಭಾರವಾಗಿರಲಿಲ್ಲ.

ಇನ್ನು ಅಡುಗೆಭಟ್ಟರ ವಿಷಯಕ್ಕೆ ಬರಬೇಕು. ಹರಿಹರಪುರದ ಕಡೆಯ ಇವರು ಮದುವೆ, ಮುಂಜಿಗಳ ದೊಡ್ಡ ಅಡುಗೆಗೆ ಹೆಸರಾದವರು. ಪ್ರತಿ ವರ್ಷ ಮದುವೆಯ ಕಾಲ ಶುರುವಾಗುವ ಮುಂಚೆ ಅನ್ನ ಬಸಿಯುವ ದೊಡ್ಡ ಬುಟ್ಟಿಗಳನ್ನು ಗುರುಗಳಿಂದಲೇ ಹೆಣೆಸಿ ಒಯ್ಯುತ್ತಿದ್ದರು, ಲೆಕ್ಕ ಯಾವಾಗಲೂ ಹನ್ನೆರಡು. ಕೊಪ್ಪರಿಗೆಯಿಂದ ಬೆಂದ ಅನ್ನವನ್ನು ಈ ಬುಟ್ಟಿಗೆ ಸುರಿದರೆ ಗಂಜಿ ಇಳಿದುಹೋಗಿ ಅನ್ನ ಅಗುಳಗುಳಾಗಿ ನಿಲ್ಲುತ್ತದೆ. ಒಂದು ಕಾಲದಲ್ಲಿ ಇಂಥ ಬುಟ್ಟಿ ಒಯ್ಯುವ ಅಡುಗೆಯವರು ಶೃಂಗೇರಿ, ಬಾಳೆಹೊನ್ನೂರುಗಳಿಂದಲೂ ಬರುತ್ತಿದ್ದರಂತೆ. ಒಬ್ಬೊಬ್ಬರಾಗಿ ಸ್ಟೀಲಿನ ತೂತುಪಾತ್ರೆಗೆ ಹೋದರು. ಉಳಿದವರು ಇವರೊಬ್ಬರೇ. ಆ ವರ್ಷ ಬುಟ್ಟಿ ಹೇಳಲು ಬಂದಾಗ ಇವರೂ ಒಂದು ಮಾತು ಎಸೆದು ಹೋಗಿದ್ದರು. ನಾನು ಅಲ್ಲೇ ಕುಳಿತು ಹೆಣೆಯುತ್ತಿದ್ದೆ.

"ನೋಡು ಮಾರಾಯ್ತಿ, ನಂಗೆ ಬಿದಿರೇ ಆಗ್ಬೇಕು. ಆದ್ರೆ ಮದ್ವೆ ಮನೆಯವ್ರು ಈಗ ಅಡುಗೆ ಚಪ್ಪರಕ್ಕೆ ಬಂದು ಬಗ್ಗಿ ನೋಡ್ತಾರೆ. ಅನ್ನದಲ್ಲಿ ಒಂದು ಸಿಬಿರು ಕಂಡ್ರೆ, ಒಂದು ಹುಳದ ಹುಡಿ ಕಂಡ್ರೆ ನನ್ನ ಹೆಸರು ಹೋಯ್ತು. ಈ ಸಲ ಹನ್ನೆರಡರಲ್ಲಿ ಒಂದು ಕೆಟ್ರೂ ಮುಂದಿನ ವರ್ಷದಿಂದ ನಾನೂ ಸ್ಟೀಲು."

ಭಟ್ಟರು ಹೋದ ಮೇಲೆ ಗುರುಗಳು ಹೆಣೆಯುತ್ತಿದ್ದ ಕೈ ನಿಲ್ಲಿಸಿದರು. ಅದು ಅಪರೂಪ. ಆಮೇಲೆ ಗಂಡನ ಕಡೆ ನೋಡಿ ಹೇಳಿದರು: "ಇವ್ರು ತಗೊಳ್ಳೋದು ಬಿಟ್ರೆ ದೊಡ್ಡ ಬುಟ್ಟಿ ಯಾರಿಗೆ ಹೆಣೀಬೇಕು? ಹೂವಿನ ಬುಟ್ಟಿ ಹೆಣ್ಕೊಂಡು ಕೂತ್ರೆ ನಿಮ್ಮ ಕತ್ತಿಗೆ ಎಂತ ಕೆಲಸ?" ಗಂಡ ಹೂಂ ಎನ್ನಲಿಲ್ಲ. ಸಣ್ಣ ಬುಟ್ಟಿಗೆ ಬೇಕಾದ ತೆಳು ಸೀಳನ್ನು ಆಕೆಯೇ ಸೀಳಿಕೊಳ್ಳಬಲ್ಲರು. ಆತನ ಕೈಚಳಕವೆಲ್ಲ ದೊಡ್ಡ ಬುಟ್ಟಿಯ ಉದ್ದನೆಯ ಸೀಳಿನಲ್ಲಿತ್ತು.

ಆ ವರ್ಷ ಆತನ ಭುಜಕ್ಕೆ ನೋವು ಬಂದಿತ್ತು. ಕಡಿದು ತಂದ ಬಿದಿರು ಕಡಿಮೆಯಾಗಿ ಬುಟ್ಟಿಗಳು ಹನ್ನೊಂದಕ್ಕೇ ನಿಂತವು. ಹನ್ನೆರಡನೆಯದನ್ನು ನಾನು ಹೆಣೆದು ತರುತ್ತೇನೆ ಎಂದೆ. ನರಸಿಂಹರಾಜಪುರದ ಆಚೆ ನನ್ನ ತಮ್ಮನ ಜಮೀನಿನ ಅಂಚಿನಲ್ಲಿ ಒಳ್ಳೆಯ ಬಿದಿರ ಮೆಳೆ ಇತ್ತು. ಹೇಗೂ ಒಂದು ತಿಂಗಳ ಮಟ್ಟಿಗೆ ನಾನು ಅಲ್ಲಿಗೆ ಹೊರಟವಳೇ.

ಗುರುಗಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಅನ್ನದ ಬುಟ್ಟಿ ಅಮ್ಮ ಇದು, ತೆಂಗಿನಕಾಯಿದಲ್ಲ."

"ನೀವು ನೋಡಿ ಒಪ್ಪಿದರೆ ಮಾತ್ರ ಇಟ್ಟುಕೊಳ್ಳಿ."

"ಹಾಂಗಾದ್ರೆ ಆಗ್ಲಿ. ಒಂದೇ ಮಾತು. ಬಿದಿರು ಕತ್ಲೆ ಪಕ್ಷದಾಗೆ ಕಡೀಬೇಕು. ಬೆಳ್ದಿಂಗ್ಳಲ್ಲಿ ಕಡಿದ್ರೆ ಕುಟ್ಟೆ ಹಿಡೀತದೆ."

ಕುಟ್ಟೆಯೆಂದರೆ ಬಿದಿರನ್ನು ಒಳಗಿನಿಂದ ಕೊರೆದು ಹಿಟ್ಟು ಮಾಡುವ ಸಣ್ಣ ಹುಳ. ಹುಣ್ಣಿಮೆಯ ಕಡೆಗಿನ ದಿನಗಳಲ್ಲಿ ಬಿದಿರಿನೊಳಗೆ ಸಿಹಿರಸ ಏರುತ್ತದೆ, ಅದಕ್ಕೆ ಹುಳ ಬರುತ್ತದೆ. ಅಮಾವಾಸ್ಯೆಯ ಕಡೆಗೆ ರಸ ಬೇರಿಗೆ ಇಳಿದಿರುತ್ತದೆ ಎಂಬುದು ಈ ಸೀಮೆಯ ಬಿದಿರಿನ ಕೆಲಸದವರೆಲ್ಲರ ಮಾತು.

"ತಿಥಿಯ ವಿಷಯ ನನಗೆ ಬಿಡಿ" ಎಂದೆ.

ತಮ್ಮನ ಮನೆಗೆ ನಾನು ಹೊರಟದ್ದು ತಂದೆಯವರ ಪತ್ರಗಳನ್ನು ಜೋಡಿಸಲು. ತಂದೆ ಪತ್ರಗಳಲ್ಲಿ ತಾರೀಖು ಹಾಕುತ್ತಿರಲಿಲ್ಲ, ತಿಥಿ ಮಾತ್ರ. ಯಾವುದು ಯಾವ ವರ್ಷದ್ದೆಂದು ತಿಳಿಯಲು ಹಳೆಯ ಪಂಚಾಂಗಗಳ ಒಂದು ಕಟ್ಟನ್ನೇ ಚೀಲಕ್ಕೆ ತುಂಬಿಕೊಂಡಿದ್ದೆ. ಎಲ್ಲವೂ ಒಂದೇ ಮುದ್ರಣಾಲಯದವು, ಒಂದೇ ಹಳದಿ ರಕ್ಷಾಪುಟ, ಒಂದೇ ಗಾತ್ರ. ಆ ಮನೆಯ ಊಟದ ಮೇಜಿನ ಮೇಲೆ ಅವನ್ನು ಹರಡಿ ಕುಳಿತರೆ ತಮ್ಮ ತಟ್ಟೆ ಹಿಡಿದುಕೊಂಡು ಜಗಲಿಗೆ ಹೋಗುತ್ತಿದ್ದ.

ಬಿದಿರು ಕಡಿಯುವ ದಿನವನ್ನೂ ಅಲ್ಲೇ ಗೊತ್ತುಮಾಡಿದೆ. ಮೇಲಿದ್ದ ಪಂಚಾಂಗ ತೆಗೆದು ಆ ವಾರದ ತಾರೀಖು ನೋಡಿದೆ: ಬಹುಳ ಏಕಾದಶಿ. ಅಮಾವಾಸ್ಯೆಗೆ ನಾಲ್ಕೇ ದಿನ, ಇದಕ್ಕಿಂತ ಒಳ್ಳೆಯದು ಬೇಡ. ಮೊಬೈಲಿನಲ್ಲಿ ನೋಡಬಹುದಿತ್ತು. ಮುದ್ರಿತ ಆಕರ ಎದುರಿಗಿರುವಾಗ ಮೊಬೈಲನ್ನು ನಂಬುವುದು ನನ್ನ ಪದ್ಧತಿಯಲ್ಲ.

ತಮ್ಮ ಕತ್ತಿ ಹಿಡಿದು ಮೆಳೆಯ ಮುಂದೆ ನಿಂತು ಒಮ್ಮೆ ಆಕಾಶ ನೋಡಿದ. "ಅಕ್ಕಾ, ಇವತ್ತೇ ಕಡೀಬೋದಾ?"

"ಪಂಚಾಂಗ ನೋಡಿದ್ದೇನೆ."

ಅವನು ಕಡಿಯತೊಡಗಿದ. ನಮ್ಮ ಮನೆಯಲ್ಲಿ ತಾರೀಖಿನ ವಿಷಯದಲ್ಲಿ ನನ್ನೊಡನೆ ಯಾರೂ ವಾದಿಸುವುದಿಲ್ಲ. ಅವನ ಮದುವೆಯ ದಿನವನ್ನೇ ನಾನು ಎರಡು ಬಾರಿ ತಿದ್ದಿದ್ದೆ. ಬೇಲಿಗೆ ಬಿದಿರು ಸೀಳಿ ಪಳಗಿದ ಕೈ ಅವನದು. ಸಂಜೆಯೊಳಗೆ ಸೀಳಿಯೂ ಕೊಟ್ಟ. ಕೆಲಸ ಮುಗಿದ ಮೇಲೆ ಇಬ್ಬರೂ ಭದ್ರಾ ಹಿನ್ನೀರಿನ ದಂಡೆಯವರೆಗೆ ನಡೆದು ಬಂದೆವು.

ಹತ್ತು ದಿನ ಹೆಣೆದೆ. ನನ್ನ ಕೈಯಿಂದ ಅಷ್ಟು ಚೆನ್ನಾಗಿ ಬಂದ ಬುಟ್ಟಿ ಬೇರೊಂದಿಲ್ಲ. ತಳ ಸಮವಾಗಿ ಕೂತಿತ್ತು, ಬಾಯಿ ಗುಂಡಗಿತ್ತು. ಕೊಪ್ಪಕ್ಕೆ ಬಸ್ಸಿನಲ್ಲಿ ತರುವಾಗ ಕಂಡಕ್ಟರು ಅದಕ್ಕೊಂದು ಸೀಟು ಬಿಡಿಸಿ ಕೊಟ್ಟ.

ಗುರುಗಳು ಬುಟ್ಟಿಯನ್ನು ಬೆಳಕಿಗೆ ಹಿಡಿದರು, ಬೆರಳಿನಿಂದ ಸುತ್ತ ಒತ್ತಿದರು, ಬೋರಲು ಹಾಕಿ ಅದರ ಮೇಲೆ ಕೂತೇಬಿಟ್ಟರು. ಬುಟ್ಟಿ ಕಿರ್ರೆನ್ನಲಿಲ್ಲ.

"ಯಾವತ್ತು ಕಡ್ದಿದ್ದು?"

"ಬಹುಳ ಏಕಾದಶಿ."

"ಹಾಂಗಾದ್ರೆ ಆಯ್ತು" ಎಂದು ಅದನ್ನು ತಮ್ಮ ಹನ್ನೊಂದು ಬುಟ್ಟಿಗಳ ರಾಶಿಗೆ ಸೇರಿಸಿದರು. ಬುಟ್ಟಿಗಳನ್ನು ಒಂದರೊಳಗೊಂದು ಕೂರಿಸಿ ಇಡುವುದು ಅವರ ಕ್ರಮ. ನನ್ನದು ಆರನೆಯದಾಗಿ ಒಳಗೆ ಸೇರಿತು.

ಶಿವರಾತ್ರಿ ಕಳೆಯಿತು, ಅಮಾವಾಸ್ಯೆಯೂ ಕಳೆಯಿತು. ಭಟ್ಟರು ಬುಟ್ಟಿ ಒಯ್ಯಲು ಗುರುವಾರ ಬರುವವರಿದ್ದರು. ಮಂಗಳವಾರ ನಾನು ಚಪ್ಪರಕ್ಕೆ ಹೋದಾಗ ಗುರುಗಳ ದನಿ ರಸ್ತೆಗೇ ಕೇಳುತ್ತಿತ್ತು. ಬುಟ್ಟಿಯ ರಾಶಿಯ ಕೆಳಗೆ, ನೆಲದ ಮೇಲೆ, ಕಡಲೆಹಿಟ್ಟು ಚೆಲ್ಲಿದಂತೆ ತೆಳ್ಳಗೆ ಹಳದಿ ಹುಡಿ ಬಿದ್ದಿತ್ತು.

"ಭುಜ ನೋವು ಅಂತ ಅವಸರ ಮಾಡಿ ಬೆಳ್ದಿಂಗ್ಳಲ್ಲೇ ಕಡ್ಕೊಂಡು ಬಂದ್ರಿ ಅಲ್ದಾ? ಹೇಳ್ಬಾರ್ದಾ? ನಾನೇನು ತಿಂತಿದ್ನಾ ನಿಮ್ಮನ್ನ? ಇಷ್ಟು ವರ್ಷ ಒಂದು ಬುಟ್ಟಿ ವಾಪಸ್ ಬಂದಿಲ್ಲ ನಂದು!"

ಗಂಡ ಕತ್ತಿಯ ಮುಂದೆ ಕೈ ಕಟ್ಟಿ ಕುಳಿತಿದ್ದ. "ಕತ್ತಲಲ್ಲೇ ಕಡ್ದಿದ್ದು" ಎಂದ, ಒಮ್ಮೆ.

"ಮತ್ತೆ ಇದು ಎಂತ? ಸಕ್ರೆಯಾ?"

ನಾನು ನೆಲದ ಹುಡಿಯನ್ನು ನೋಡುತ್ತ ನಿಂತೆ. ಹನ್ನೆರಡನೆಯ ಬುಟ್ಟಿಯ ಬಗ್ಗೆ ಅವರಿಬ್ಬರೂ ಒಂದು ಮಾತೂ ಎತ್ತಲಿಲ್ಲ. ಅದು ಬಹುಳ ಏಕಾದಶಿಯ ಬಿದಿರು, ಪಂಚಾಂಗ ನೋಡಿ ಕಡಿದದ್ದು. ನನಗೂ ಸಂದೇಹವಿರಲಿಲ್ಲ. ಆದರೆ ಸಂದೇಹವಿಲ್ಲದಾಗಲೂ ಒಮ್ಮೆ ತಾಳೆ ನೋಡುವುದು ಹಳೆಯ ಅಭ್ಯಾಸ. ಮನೆಗೆ ಬಂದು ದಿನಚರಿ ತೆಗೆದೆ. ಬಿದಿರು ಕಡಿದ ದಿನದ ಪುಟದಲ್ಲಿ ನನ್ನದೇ ಅಕ್ಷರ:

"ಗುರುವಾರ. ಬಿದಿರು ಕಡಿದು ಸೀಳಿಸಿದ್ದಾಯಿತು. ಸಂಜೆ ಹಿನ್ನೀರಿನ ದಂಡೆಗೆ ಹೋದೆವು. ನೆತ್ತಿಯ ಮೇಲೆ ಅರ್ಧಚಂದ್ರ, ಬಹಳ ಚೆನ್ನಾಗಿದ್ದ."

ಆ ಕೊನೆಯ ವಾಕ್ಯವನ್ನು ನಾನು ಮೂರು ಬಾರಿ ಓದಿದೆ. ಬಹುಳ ಏಕಾದಶಿಯ ಚಂದ್ರ ಸಂಜೆ ನೆತ್ತಿಯ ಮೇಲೆ ಇರುವುದಿಲ್ಲ. ಅವನು ಕಾಣಿಸಿಕೊಳ್ಳುವುದು ಬೆಳಗಿನ ಜಾವ, ಅದೂ ಸಣ್ಣ ಗೆರೆಯಾಗಿ. ನರಸಿಂಹರಾಜಪುರದಿಂದ ತಂದ ಚೀಲ ಬಿಚ್ಚಿದೆ. ನಾನು ನೋಡಿದ್ದ ಪಂಚಾಂಗದಲ್ಲಿ ಆ ತಾರೀಖಿನ ಎದುರಿಗೆ ಇದ್ದದ್ದು ಬುಧವಾರ. ರಕ್ಷಾಪುಟ ತಿರುಗಿಸಿದರೆ ಸಂವತ್ಸರದ ಹೆಸರು ಹಿಂದಿನ ವರ್ಷದ್ದು. ಈ ವರ್ಷದ ಪಂಚಾಂಗ ಕೊಪ್ಪದ ಮನೆಯ ಗೋಡೆಯ ಮೊಳೆಗೆ ಅಷ್ಟೂ ದಿನ ನೇತಾಡುತ್ತಿತ್ತು. ಅದರ ಪ್ರಕಾರ ಅಂದು ಶುದ್ಧ ಸಪ್ತಮಿ, ಅಪ್ಪಟ ಬೆಳದಿಂಗಳ ಪಕ್ಷ. ಚಾಂದ್ರಮಾನದ ವರ್ಷ ಸುಮಾರು ಹನ್ನೊಂದು ದಿನ ಚಿಕ್ಕದು. ಏಕಾದಶಿಗೆ ಹನ್ನೊಂದು ಕೂಡಿಸಿದರೆ ಅಮಾವಾಸ್ಯೆ ದಾಟಿ ಸಪ್ತಮಿಗೇ ಬರುತ್ತದೆ. ಲೆಕ್ಕವೇನೋ ಸರಿಯಾಗಿತ್ತು.

ತಿಥಿಯನ್ನು ವಾರದೊಡನೆ ತಾಳೆ ನೋಡದೆ ಯಾವ ಪತ್ರದ ಕಾಲವನ್ನೂ ಒಪ್ಪಬಾರದು ಎಂಬುದು ನಾನು ಹೊಸಬರಿಗೆ ಹೇಳಿಕೊಡುತ್ತಿದ್ದ ಮೊದಲ ಪಾಠ. ತಂದೆಯ ನಲವತ್ತು ಪತ್ರಗಳಿಗೆ ಅದನ್ನು ಪಾಲಿಸಿದ್ದೆ. ಒಂದು ಬಿದಿರಿಗೆ ಪಾಲಿಸಿರಲಿಲ್ಲ.

ಎರಡೂ ಪಂಚಾಂಗ, ದಿನಚರಿ ಹಿಡಿದುಕೊಂಡು ಬಿಸಿಲಿನಲ್ಲೇ ಚಪ್ಪರಕ್ಕೆ ವಾಪಸಾದೆ. ಗಂಡ ಇನ್ನೂ ಹಾಗೆಯೇ ಕುಳಿತಿದ್ದ. ಗುರುಗಳು ಬೆನ್ನು ತಿರುಗಿಸಿಕೊಂಡು ಹೂವಿನ ಬುಟ್ಟಿಯೊಂದನ್ನು ಹೆಣೆಯುತ್ತಿದ್ದರು.

"ಕುಟ್ಟೆ ನನ್ನ ಬುಟ್ಟಿಯದು" ಎಂದೆ. "ಇವರ ಬಿದಿರು ಸರಿಯಾಗಿದೆ. ನಾನು ಹಳೆಯ ಪಂಚಾಂಗ ನೋಡಿದ್ದೆ. ಕಡಿದದ್ದು ಬೆಳದಿಂಗಳಲ್ಲಿ."

ಗುರುಗಳು ನಿಧಾನವಾಗಿ ತಿರುಗಿದರು. ಮುಖ ಕೆಂಪಾಗಿತ್ತು. "ಅಮ್ಮಾ! ಪುಸ್ತಕ ಹಾಳಾಗಿ ಹೋಗ್ಲಿ, ಒಂದು ಸಲ ತಲೆ ಎತ್ತಿ ನೋಡಿದ್ರೆ ಆಗ್ತಿತ್ತಲ್ದಾ ಮಾರಾಯ್ರೆ? ಸಂಜೆ ಕಾಣೋ ಚಂದ್ರ ಇದ್ರೆ ಕತ್ತಿ ಒಳಗಿಡ್ಬೇಕು, ಬೆಳಿಗ್ಗೆ ಕಾಣೋ ಚಂದ್ರ ಇದ್ರೆ ಕಡೀಬೇಕು. ಸಣ್ಣ ಮಕ್ಳಿಗೂ ಗೊತ್ತು!"

"ನೋಡಿದ್ದೆ."

"ಎಂತ ನೋಡಿದ್ದು?"

"ಚಂದ್ರನನ್ನು. ಬಹಳ ಚೆನ್ನಾಗಿದ್ದಾನೆ ಅಂತ ಬರೆದೂ ಇಟ್ಟಿದ್ದೇನೆ."

ಮೊದಲು ನಕ್ಕದ್ದು ಗಂಡ. ಸದ್ದಿಲ್ಲದೆ, ಭುಜ ಕುಲುಕಿಸಿಕೊಂಡು, ನೋವಿನ ಭುಜ ಹಿಡಿದುಕೊಂಡು ನಕ್ಕ. ಅವನ ನಗು ನೋಡಿ ಗುರುಗಳಿಗೆ ಇನ್ನಷ್ಟು ಸಿಟ್ಟು ಬಂತು. ಅವನಿಗೂ ನನಗೂ ಸೇರಿಸಿ ಸ್ವಲ್ಪ ಹೊತ್ತು ಬೈದರು. ಬೈಯುತ್ತ ಬೈಯುತ್ತಲೇ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ನಗೋದು ಆಮೇಲೆ. ಗುರುವಾರ ಭಟ್ರು ಬರ್ತಾರೆ. ಹುಡಿ ಎಲ್ಲ ಬುಟ್ಟಿಗೂ ಬಿದ್ದದೆ. ಅವ್ರ ಕಣ್ಣಿಗೆ ಹುಡಿ ಬಿದ್ರೆ ಸಾಕು, ಯಾರ ಬುಟ್ಟೀದು ಅಂತ ಕೇಳ್ತಾರಾ? ಹನ್ನೆರಡೂ ಹೋಯ್ತು, ಮುಂದಿನ ವರ್ಷದ್ದೂ ಹೋಯ್ತು."

ರಾಶಿ ಬಿಡಿಸಿದೆವು. ನನ್ನ ಬುಟ್ಟಿಯನ್ನು ಕಿವಿಯ ಹತ್ತಿರ ಹಿಡಿದರೆ ಒಳಗೆ ಕಿರಕಿರ ಎಂಬ ಸಣ್ಣ ಸದ್ದು ಕೇಳಿಸುತ್ತಿತ್ತು. ಅದನ್ನು ಆತ ದೂರ ಒಯ್ದು ರಸ್ತೆಯಾಚೆಯ ಗೇರುಮರದ ಕೊಂಬೆಗೆ ನೇತುಹಾಕಿದ. ಮಿಕ್ಕ ಹನ್ನೊಂದನ್ನು ನಾವು ಮೂವರೂ ಹೊತ್ತುಕೊಂಡು ಕೆಳಗಿನ ಹಳ್ಳಕ್ಕೆ ಹೋದೆವು. ತೆಂಗಿನ ನಾರಿನಲ್ಲಿ ಸೀಳುಸೀಳಿನ ಸಂದಿಯನ್ನೂ ಉಜ್ಜಿ, ನೀರಿನಲ್ಲಿ ಅದ್ದಿ, ಕೊಡವಿ, ಬಂಡೆಯ ಮೇಲೆ ಬೋರಲು ಹಾಕಿದೆವು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬರು ಬೈಕು ನಿಲ್ಲಿಸಿ, "ಎಂತ, ಬುಟ್ಟಿಗೆಲ್ಲ ಎಣ್ಣೆಸ್ನಾನವಾ?" ಎಂದು ಕೇಳಿದರು. ಗುರುಗಳು, "ಹೌದು, ನಿಮ್ಮ ತಲೇನೂ ತನ್ನಿ" ಎಂದರು.

ಬುಧವಾರವೆಲ್ಲ ಬಿಸಿಲಿಗಿಟ್ಟು ತಿರುಗಿಸಿದ್ದಾಯಿತು. ಹನ್ನೆರಡನೆಯದಕ್ಕೆ ದಾರಿಯಿರಲಿಲ್ಲ. ಅಮಾವಾಸ್ಯೆ ಕಳೆದು ಆಗಷ್ಟೇ ಬೆಳದಿಂಗಳ ಪಕ್ಷ ಹುಟ್ಟಿತ್ತು. ಹೊಸ ಬಿದಿರು ಕಡಿಯಬೇಕಾದರೆ ಹುಣ್ಣಿಮೆ ದಾಟಬೇಕು.

ಗುರುವಾರ ಬೆಳಿಗ್ಗೆ ಭಟ್ಟರು ಬಂದರು. ಕಂಕುಳಲ್ಲಿ ಯಾವಾಗಲೂ ಇರುವ ಕರಿಯ ಕೊಡೆ. ಅದು ಬಿಸಿಲಿಗೆಂದು ನಾನು ತಿಳಿದಿದ್ದೆ. ಅವರು ಅದನ್ನು ಬಿಚ್ಚಿ ತಲೆಕೆಳಗಾಗಿ ನೆಲದ ಮೇಲಿಟ್ಟು, ಒಂದು ಬುಟ್ಟಿ ಎತ್ತಿ, ಕೊಡೆಯ ಮೇಲೆ ಬೋರಲು ಹಿಡಿದು, ತಳಕ್ಕೆ ಅಂಗೈಯಲ್ಲಿ ನಾಲ್ಕು ಏಟು ಕೊಟ್ಟರು. ಕರಿಯ ಬಟ್ಟೆಯ ಮೇಲೆ ಹಳದಿ ಹುಡಿಯ ಒಂದು ಕಣ ಬಿದ್ದರೂ ಕಾಣಬೇಕು. ಬಗ್ಗಿ ನೋಡಿದರು. ಪಕ್ಕಕ್ಕಿಟ್ಟರು. ಎರಡನೆಯದು.

ಗುರುಗಳು ಸೀಳಿನ ತುಂಡೊಂದನ್ನು ಬೆರಳಿಗೆ ಸುತ್ತುತ್ತ, ಬಿಡಿಸುತ್ತ ನಿಂತಿದ್ದರು. ಏಳನೆಯ ಬುಟ್ಟಿಗೆ ಏಟು ಬಿದ್ದಾಗ ಕೊಡೆಯ ಮೇಲೆ ಏನೋ ಉದುರಿತು. ಭಟ್ಟರು ಅದನ್ನು ಬೆರಳ ತುದಿಯಲ್ಲಿ ತೆಗೆದು ಕಣ್ಣಿನ ಹತ್ತಿರ ಹಿಡಿದರು.

"ತೆಂಗಿನ ನಾರು" ಎಂದರು. ಬುಟ್ಟಿ ಪಕ್ಕಕ್ಕೆ ಹೋಯಿತು.

ಹನ್ನೊಂದೂ ಮುಗಿದವು. "ಹನ್ನೆರಡು ಹೇಳಿದ್ದೆ ಅಲ್ದೋ?"

ಗುರುಗಳು ಬಾಯಿ ತೆರೆಯುವ ಮುನ್ನ ನಾನು ಹೇಳಿದೆ: "ಹನ್ನೆರಡನೆಯದು ನನ್ನದು. ಕುಟ್ಟೆ ಬಂದಿದೆ. ಅದೋ, ಗೇರುಮರದಲ್ಲಿ ಇದೆ. ಇವರ ತಪ್ಪಿಲ್ಲ. ನಾನು ಹಿಂದಿನ ವರ್ಷದ ಪಂಚಾಂಗ ನೋಡಿ ಬಿದಿರು ಕಡಿಸಿದೆ."

ಭಟ್ಟರು ಮರದ ಕಡೆ ನೋಡಿದರು, ನನ್ನ ಕಡೆ ನೋಡಿದರು. "ಪಂಚಾಂಗ ನೋಡಿ?"

"ನೋಡಿ."

"ಬಿದಿರು ಕಡಿಯೋಕೆ?"

"ಹೌದು."

"ಅಮ್ಮ, ನಾನು ಮುಹೂರ್ತದ ಮನೇಲೇ ಅಡುಗೆ ಮಾಡೋನು. ನಾನೂ ಬಿದಿರಿಗೆ ಪಂಚಾಂಗ ನೋಡಲ್ಲ!" ಎಂದು ಗಟ್ಟಿಯಾಗಿ ನಕ್ಕರು. ಆಮೇಲೆ ರಸ್ತೆ ದಾಟಿ ಹೋಗಿ ನನ್ನ ಬುಟ್ಟಿಯನ್ನು ಇಳಿಸಿ ಸುತ್ತ ತಿರುಗಿಸಿ ನೋಡಿದರು. "ಕೈ ಚೆನ್ನಾಗಿದೆ. ಬಿದಿರು ಕೆಟ್ಟದ್ದು" ಎಂದು ಮತ್ತೆ ಕೊಂಬೆಗೇ ಸಿಕ್ಕಿಸಿದರು.

ಹಿಂದಿರುಗಿ ಬಂದು ಗುರುಗಳ ಮುಂದೆ ನಿಂತರು. "ಕೆಟ್ಟದ್ದನ್ನ ಒಳಗೆ ಸೇರ್ಸಿ ಕೊಟ್ಟಿದ್ರೆ ನಂಗೆ ಮದ್ವೆ ಮನೇಲಿ ಗೊತ್ತಾಗ್ತಿತ್ತು. ಹೊರಗೆ ಇಟ್ಟಿದ್ದೀಯ. ಸಾಕು. ಹನ್ನೊಂದು ತಗೊಂಡು ಹೋಗ್ತೇನೆ. ಉಳಿದಿದ್ದೊಂದು ಯುಗಾದಿ ಕಳೆದು ಹದಿನೈದು ದಿನದೊಳಗೆ ಆಗ್ಬೇಕು."

"ಸ್ಟೀಲಿಂದು?" ಎಂದರು ಗುರುಗಳು. ಅಷ್ಟು ಸಣ್ಣ ದನಿಯಲ್ಲಿ ಆಕೆ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಒಂದು ಕಡೆ ಹಾಕಿ ನೋಡ್ದೆ ಮಾರಾಯ್ತಿ. ಬಿಸಿ ಅನ್ನಕ್ಕೆ ಅದು ಬೆವರ್ತದೆ. ತಳದ ಅನ್ನ ಮುದ್ದೆ ಆಯ್ತು. ಮುಂದಿನ ವರ್ಷಕ್ಕೂ ಹನ್ನೆರಡು ಹೇಳಿದ್ದೇನೆ ಅಂತ ಈಗ್ಲೇ ತಿಳ್ಕೊ."

ಭಟ್ಟರ ಜೀಪು ಹನ್ನೊಂದು ಬುಟ್ಟಿ ಹೊತ್ತು ತಿರುವಿನಲ್ಲಿ ಮರೆಯಾಗುವವರೆಗೆ ಗುರುಗಳು ನಿಂತೇ ಇದ್ದರು. ಆಮೇಲೆ ಒಳಗೆ ಹೋಗಿ ಮೂರು ಲೋಟ ಕಾಫಿ ತಂದರು. ಗಂಡನ ಲೋಟವನ್ನು ಅವನ ಮುಂದೆ ಇಡುವಾಗ, "ಕತ್ತಲಲ್ಲೇ ಕಡ್ದಿದ್ದು ಅಂತ ಇನ್ನೊಂದು ಸಲ ಗಟ್ಟಿ ಹೇಳ್ಬಾರ್ದಾಗಿತ್ತಾ?" ಎಂದರು. ಅವನು ಹೂಂ ಎಂದ. ಅದು ಆಕೆ ಕ್ಷಮೆ ಕೇಳಿ ಆತ ಕೊಟ್ಟು ಮುಗಿಸಿದ ಕ್ರಮವೆಂದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ಹನ್ನೆರಡನೇದು ನೀವೇ ಹೆಣೀಬೇಕು" ಎಂದರು ನನಗೆ. "ಬಿದಿರು ಇವ್ರ ಜೊತೆ ಹೋಗಿ ತನ್ನಿ."

ಹುಣ್ಣಿಮೆ ದಾಟಿ ಹನ್ನೊಂದು ದಿನ ಕಳೆದ ಬೆಳಿಗ್ಗೆ, ಇನ್ನೂ ಪೂರ್ತಿ ಬೆಳಕು ಹರಿಯುವ ಮುನ್ನ, ನಾನೂ ಆತನೂ ಊರ ಹೊರಗಿನ ಬಿದಿರ ಮೆಳೆಯ ಹತ್ತಿರ ನಿಂತಿದ್ದೆವು. ಆತ ಕತ್ತಿಯನ್ನು ಕಲ್ಲಿಗೆ ಎರಡು ಬಾರಿ ಎಳೆದು ನನ್ನ ಕಡೆ ನೋಡಿದ.

"ಅಮ್ಮ, ತಿಥಿ ಎಂತ?"

ಈ ಸಲ ನಾನು ಮನೆಯ ಗೋಡೆಯ ಪಂಚಾಂಗ ನೋಡಿದ್ದೆ, ಸಂವತ್ಸರದ ಹೆಸರು ಓದಿದ್ದೆ, ವಾರದೊಡನೆ ತಾಳೆ ಮಾಡಿದ್ದೆ, ಮೊಬೈಲಿನಲ್ಲೂ ನೋಡಿದ್ದೆ. "ಬಹುಳ ಏಕಾದಶಿ" ಎಂದೆ.

ಆತ ಆದರೂ ಮೂಡಣ ದಿಕ್ಕಿಗೆ ತಲೆ ಎತ್ತಿದ. ಗುಡ್ಡದ ಅಂಚಿನ ಮೇಲೆ ಉಗುರಿನಷ್ಟು ಚಂದ್ರ, ಬೆಳಕಿನಲ್ಲಿ ಕರಗುವ ಮೊದಲು ಇನ್ನೂ ಒಂದಿಷ್ಟು ಉಳಿದಿದ್ದ. ನಾನೂ ನೋಡಿದೆ. ಆತ ಹೂಂ ಎಂದು ಕತ್ತಿ ಎತ್ತಿದ.